ಹಗೇವಿನ ಬಾಯಲ್ಲಿ ನಾನು, ಬೆನ್ನ ಹಿಂದೆ ಚೋಟ್ಯಾ

ದೊಡ್ಡ ನಾಯಿಗೆ ನಾನು ಹೆದರುವುದಿಲ್ಲ. ತಾನು ದೊಡ್ಡದೆಂದು ಅದಕ್ಕೆ ಗೊತ್ತಿರುತ್ತದೆ. ಸಣ್ಣ ನಾಯಿಗೆ ತಾನು ಸಣ್ಣದೆಂದು ಗೊತ್ತಿರುವುದಿಲ್ಲ, ಫಜೀತಿ ಇರುವುದೇ ಅಲ್ಲಿ. ನಮ್ಮ ಚೋಟ್ಯಾ ಟೆರಿಯರ್ ಜಾತಿಯವನು. ನನ್ನ ಹೆಂಡತಿ ಗಿರಿಜಾ ಅವನನ್ನು ಹುಬ್ಬಳ್ಳಿಯಿಂದ ಗುಡಗೇರಿಗೆ ಕೈಚೀಲದಲ್ಲಿ ತಂದಳು. ಅವನ ಒರಟು ಕೂದಲು ಬಾಚುವುದು ಅವಳ ಪಾಲು, ಎರಡು ಹೊತ್ತು ಅಡ್ಡಾಡಿಸುವುದು ನನ್ನ ಪಾಲು. ಕೆಲಸ ಕೊಡದಿದ್ದರೆ ಈ ಜಾತಿ ತಾನೇ ಹುಡುಕಿಕೊಳ್ಳುತ್ತದೆ ಎಂದು ಕೊಟ್ಟವರು ಎಚ್ಚರಿಸಿದ್ದರು. ನಾನು ಸ್ಟೇಷನ್ನಿನವರೆಗೆ ಹೋಗಿ ಬಂದೆವು ಎನ್ನುತ್ತಿದ್ದೆ. ಹೋಗುತ್ತಿದ್ದುದು ಚಹಾದಂಗಡಿಯ ಬೆಂಚಿನವರೆಗೆ.

ಚೋಟ್ಯಾ ಕೆಲಸ ಹುಡುಕಿಕೊಂಡ. ಹಿತ್ತಲಲ್ಲೊಂದು ಹಳೆಯ ಹಗೇವಿದೆ, ಅಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಆಳವಾದ ಕುಣಿ. ಮೊನ್ನೆ ಬೆಳಿಗ್ಗೆ ಹೆಗ್ಗಣವೊಂದನ್ನು ಬೆನ್ನಟ್ಟಿ, ಹಗೇವಿನ ಬಾಯಿಗೆ ಮುಚ್ಚಿದ ಕಲ್ಲಿನ ಪಕ್ಕದ ಬಿಲದಲ್ಲಿ ನುಗ್ಗಿಯೇಬಿಟ್ಟ. ಸ್ವಲ್ಪ ಹೊತ್ತು ನೆಲದೊಳಗಿಂದ ಬೊಗಳುವುದು ಕೇಳಿತು. ಆಮೇಲೆ ನಿಂತಿತು.

"ಚೋಟ್ಯಾ! ಬಾರೋ ನಮ್ಮಪ್ಪಾ!" ಗಿರಿಜಾ ನೆಲಕ್ಕೆ ಕಿವಿ ಹಚ್ಚಿದಳು. ಸದ್ದಿಲ್ಲ. ಮುಚ್ಚಿದ ಹಗೇವಿನ ಕೆಟ್ಟ ಗಾಳಿ ಮನುಷ್ಯರನ್ನೇ ಬಿಡುವುದಿಲ್ಲ, ಇನ್ನು ಈ ಗೇಣುದ್ದದ ನಾಯಿ ಯಾವ ಲೆಕ್ಕ? ಕಲ್ಲು ಸರಿಸಿದೆವು. ಬಾಜುಮನೆಯ ಶಿವಪ್ಪ ಕಾಕಾ ಕಂದೀಲಿಗೆ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟರು. "ದೀಪ ಆರಿದ್ರ ಯಾರೂ ಇಳೀಬ್ಯಾಡ್ರಿ ಮತ್ತ," ಎಂದರು. ದೇವರಾಣೆ, ನಾಯಿ ಬದುಕಿರಲಿ ಎಂದೂ ದೀಪ ಆರಲಿ ಎಂದೂ ಒಟ್ಟಿಗೇ ಬೇಡಿಕೊಂಡೆ. ದೀಪ ಆರಲಿಲ್ಲ. ಆ ಬೆಳಕಿಗೆ ಮೂಲೆಗಳೂ ಕಾಣಲಿಲ್ಲ.

ಗಿರಿಜಾ ಸೆರಗು ಸಿಕ್ಕಿಸಿದಳು. "ನೀವ ಇಳೀತೀರೋ, ನಾನ ಇಳೀಲೋ?" ಕಣ್ಣತುಂಬ ನೀರಿತ್ತು.

ಹಗ್ಗ ಕಟ್ಟಿಕೊಂಡು ನಾನೇ ಇಳಿದೆ. ಹಗೇವಿನ ಬಾಯಿ ನಮ್ಮ ಬಡಕಲು ಅಜ್ಜನ ಅಳತೆಯದು. ಕಾಲು ಸಲೀಸಾಗಿ ಹೋದವು. ಹೊಟ್ಟೆ ಅಲ್ಲೇ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. "ಕಾಕಾ, ಜಗ್ಗರಿ!" ಎಂದು ಚೀರಿದೆ.

ಅಷ್ಟರಲ್ಲಿ ಬೆನ್ನ ಹಿಂದೆ ಗುರ್ ಎಂದಿತು. ಹೆಗ್ಗಣದ ಬಿಲಕ್ಕೆ ಕಾಕಾನ ಬಣವೆಯ ಬುಡದಲ್ಲಿ ಇನ್ನೊಂದು ಬಾಯಿ ಇತ್ತಂತೆ; ಚೋಟ್ಯಾ ಮೈತುಂಬ ಮಣ್ಣು ಮೆತ್ತಿಕೊಂಡು ಅಲ್ಲಿಂದ ಹೊರಬಿದ್ದಿದ್ದ. ಬಿಲದಿಂದ ತಲೆ ಎತ್ತಿದ್ದು ಯಾವುದೇ ಇರಲಿ, ಟೆರಿಯರ್ ಅದನ್ನು ಹಿಡಿದು ಹೊರಗೆಳೆಯುತ್ತದೆ, ಅದು ಹುಟ್ಟುಗುಣ. ನನ್ನ ಕಾಲರಿಗೆ ಬಾಯಿ ಹಾಕಿ, ಹಿಂಗಾಲು ಊರಿ ಜಗ್ಗಿದ. ಕಾಕಾ ಹಗ್ಗ ಜಗ್ಗಿದರು. ಹೊರಗೆ ಬಂದು ಬಿದ್ದೆ.

ಗಿರಿಜಾ ಓಡಿಬಂದು ಎದೆಗವಚಿಕೊಂಡು ಅತ್ತಳು. ನಾಯಿಯನ್ನು. ಕಣ್ಣೊರೆಸಿಕೊಂಡ ಮೇಲೆ ನನ್ನ ಹೊಟ್ಟೆಯನ್ನೇ ನೋಡುತ್ತ, "ಅಲ್ರೀ, ಇಷ್ಟ ದಿನಾ ಸ್ಟೇಷನ್ ತನಕಾ ಅಡ್ಡಾಡಿದವರು ಯಾರ್ರಿ?" ಎಂದಳು.

ಈಗ ಮೂವರೂ ಹೋಗುತ್ತೇವೆ. ಮುಂದೆ ಚೋಟ್ಯಾ, ಹಿಂದೆ ಗಿರಿಜಾ, ತಪ್ಪಿಸಿಕೊಳ್ಳದಂತೆ ನಡುವೆ ನಾನು. ಸರಪಳಿ ಸದ್ಯಕ್ಕೆ ಚೋಟ್ಯಾನ ಕೊರಳಲ್ಲೇ ಇದೆ.