ನಿಂತಲ್ಲೇ ಓಡಿದ ಕಾರು

“ಸಂಜೆ ಬರ್ತೀನಿ ಅಳಿಯಂದ್ರೇ. ನನ್ನ ಕಾರಲ್ಲಿ ಒಂದು ಸುತ್ತು ಹೋಗಿಬರೋಣ,” ಎಂದು ಮಾವ ಫೋನಿಟ್ಟಾಗ ಗುಮಾಸ್ತ ಕೂತಲ್ಲಿಂದ ಚಂಗನೆ ಎದ್ದ.

ಕ್ಲಚ್ಚಿಲ್ಲದ, ಆಟೋಮ್ಯಾಟಿಕ್ ಗೇರಿನ ಆ ಹಳೇ ಕಾರನ್ನು ಮಾವ ಅಳಿಯನ ಬೀದಿಯ ಕೊನೆಯ ದರ್ಜಿ ಅಂಗಡಿ ಹಿಂದಿನ ಶೆಡ್ಡಿನಲ್ಲಿ ಬಿಟ್ಟು ವರ್ಷಗಳೇ ಆಗಿದ್ದವು. “ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಸಾಕು. ಇಲ್ದಿದ್ರೆ ಗೇರಿನೊಳಗಿನ ರಬ್ಬರ್ ರಿಂಗು ಒಣಗಿಹೋಗುತ್ತೆ,” ಎಂದಿದ್ದರು. “ಸ್ಟಾರ್ಟ್ ಏನು ಮಾವ, ಪ್ರತಿ ಭಾನುವಾರ ಸೇತುವೆವರೆಗೂ ಓಡಿಸ್ತೀನಿ!” ಎಂದು ಅಳಿಯ ಬುರುಡೆ ಬಿಡುತ್ತಲೇ ಬಂದಿದ್ದ. ಹೆಂಡತಿಗೂ ಅದೇ ಬುರುಡೆ. ಅದು ಒಡೆದರೆ ಮನೆಯಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ಶೆಡ್ಡಿಗೆ ಓಡಿದ. ದರ್ಜಿ ಯಾರದೋ ಬ್ಯಾಟರಿ ತಂದುಕೊಟ್ಟ. ಅಂಗಡಿಯಲ್ಲೇ ಕೂತಿರುತ್ತಿದ್ದ ನಿವೃತ್ತ ಬಸ್ ಡ್ರೈವರ್ ಗೇರೆಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ ಹೌಹಾರಿದ. “ಎಣ್ಣೆ ಗೆರೆ ದಾಟಿದೆ ಸಾರ್! ಇದಕ್ಕೆ ಅಜೀರ್ಣ. ಅರ್ಧ ತೆಗೀಬೇಕು.”

ಅರ್ಧ ತೆಗೆದರು. ಇಂಜಿನ್ ಕೆಮ್ಮಿ ಕೆಮ್ಮಿ ಎದ್ದಿತು. ಗೇರು ಹಾಕಿದರೆ ಬರೀ ಆರ್ಭಟ. ಕಾರು ಮಾತ್ರ ಎಮ್ಮೆ ಮೇಲೆ ಮಳೆ ಸುರಿದಂತೆ ನಿಂತೇ ಇತ್ತು.

ಮೆಕ್ಯಾನಿಕ್ ಬಂದವನು ತಲೆ ಚಚ್ಚಿಕೊಂಡ. “ನಿಂತ ಗಾಡೀಲಿ ಎಣ್ಣೆಯೆಲ್ಲ ಕೆಳಗೆ ಇಳಿದಿರುತ್ತೆ ಕಣ್ರೀ! ಇಂಜಿನ್ ಓಡುವಾಗ ಅಳೀಬೇಕು. ವಾಪಸ್ ಸುರೀರಿ.”

ಸುರಿದರು. ರಿಂಗುಗಳು ಆಗಲೇ ಒಣಗಿ ಬಿರಿದಿದ್ದವು. ಸುರಿದದ್ದೆಲ್ಲ ಕೆಂಪಗೆ ನೆಲಕ್ಕಿಳಿಯಿತು. ದರ್ಜಿ ಗಾಬರಿಯಲ್ಲಿ ಅದನ್ನು ಒರೆಸಿದ್ದು ಗಿರಾಕಿಯೊಬ್ಬನ ಹೊಸ ಬಿಳಿ ಪ್ಯಾಂಟಿನಿಂದ. ಗುಮಾಸ್ತನಿಗೆ ಅಳು ಬಂತು.

ಅಷ್ಟರಲ್ಲಿ ಗುಮಾಸ್ತನ ಹೆಂಡತಿಯ ಜೊತೆ ಮಾವ ಬಂದೇಬಿಟ್ಟರು.

“ಹೋದ ಭಾನುವಾರ ಕೂಡ ಚೆನ್ನಾಗಿ ಓಡ್ತು ಮಾವ! ಇವತ್ತೇ ಹಾಳಾದದ್ದು ಕೈಕೊಡ್ತು!”

ಮಾವ ಕಾರಿನ ಮೂತಿ ಸವರಿದರು. “ಇಲ್ಲಿ ಬಿಟ್ಟಾಗ್ಲೇ ಇದರ ಗೇರು ಸತ್ತಿತ್ತು. ತಳ್ಳಿಸಿ ಒಳಗೆ ಹಾಕಿದ್ದೆ. ರಿಪೇರಿ ಮಾಡಿಸೋವರೆಗೆ ರಿಂಗುಗಳಾದ್ರೂ ಉಳೀಲಿ ಅಂತ ಸ್ಟಾರ್ಟ್ ಮಾಡೋಕೆ ಹೇಳಿದ್ದೆ. ನೀವು ಓಡಿಸ್ತೀನಿ ಅಂದಾಗ, ಅಳಿಯ ಸದ್ದಿಲ್ದೆ ರಿಪೇರಿ ಮಾಡಿಸಿದಾರೆ ಅಂದ್ಕೊಂಡೆ. ಕಂಡೋರಿಗೆಲ್ಲ ಹೇಳ್ಕೊಂಡು ಬಂದೆನಲ್ಲಪ್ಪಾ...”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಗುಮಾಸ್ತನಿಗೆ.

“ಹಾಗಾದ್ರೆ ಪ್ರತಿ ಭಾನುವಾರ ಎಲ್ಲಿಗೆ ಹೋಗ್ತಿದ್ರಿ?” ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

ಬಸ್ ಡ್ರೈವರ್‌ಗೆ ಕನಿಕರ ಉಕ್ಕಿತು. “ತಪ್ಪು ತಿಳೀಬೇಡಿ ಅಮ್ಮಾ. ಅವರು ಎಲ್ಲಿಗೂ ಹೋದೋರಲ್ಲ. ಸಂಜೆವರೆಗೂ ಈ ಕಾರಲ್ಲೇ ಇರ್ತಿದ್ರು. ಹಿಂದಿನ ಸೀಟಲ್ಲಿ, ನಮ್ಮ ಜೊತೆ ಇಸ್ಪೀಟು ಆಡ್ಕೊಂಡು!”

ಹೆಂಡತಿ ಅಪ್ಪನ ಕೈ ಹಿಡಿದು ಮನೆಗೆ ನಡೆದಳು. ಬಾಗಿಲ ಚಿಲಕ ಬಿದ್ದ ಸದ್ದು ಶೆಡ್ಡಿನವರೆಗೂ ಕೇಳಿಸಿತು. ಆ ರಾತ್ರಿ ಗುಮಾಸ್ತ ಮಲಗಿದ್ದೂ ಅದೇ ಹಿಂದಿನ ಸೀಟಿನಲ್ಲಿ, ಕೆಳಗೆ ಎಣ್ಣೆ ತೊಟ್ಟಿಕ್ಕುವುದನ್ನು ಕೇಳುತ್ತಾ.