ಸೂರಿನ ಮೇಲೊಬ್ಬ ಅತ್ತೆ

ನಮ್ಮ ಸೋದರತ್ತೆಗೆ ನೆಲ ಒಗ್ಗುವುದಿಲ್ಲ ಎಂದರೆ ನೀವು ನಂಬಲಾರಿರಿ. ಅರವತ್ತೈದು ದಾಟಿದೆ, ಆದರೂ ಏಣಿ ಕಂಡರೆ ಸಾಕು, ಸೆರಗು ಸೊಂಟಕ್ಕೆ ಏರುತ್ತದೆ! ಒಮ್ಮೆ ಅರಕಲಗೂಡಿನಲ್ಲಿ ನೆಂಟರ ಗೃಹಪ್ರವೇಶ. ಊಟಕ್ಕೆ ಎಲೆ ಹಾಕಿದರೂ ಅತ್ತೆಯ ಸುಳಿವಿಲ್ಲ. ಹುಡುಕಿದರೆ ನೀರಿನ ಟ್ಯಾಂಕಿನ ಮೇಲೆ! "ತೊಳ್ದವ್ರಾ ಅಂತ ನೋಡ್ತಿದ್ದೆ ಕಣ್ಲಾ. ಇಲ್ಲ!" ಎಂದು ಅಲ್ಲಿಂದಲೇ ಕೂಗಿದರು. ಅವತ್ತು ಪಂಕ್ತಿಯಲ್ಲಿ ಯಾರೂ ನೀರು ಮುಟ್ಟಲಿಲ್ಲ.

ಮೊನ್ನೆ ಹೊಳೆನರಸೀಪುರದಿಂದ ಅತ್ತೆಯ ಫೋನು. "ಮನೆ ಎಂಚು ಬದಲಾಯಿಸ್ತಾ ಇವ್ನಿ, ಬಾ." ಆಳು ಹಿಡಿದು ಮಾಡಿಸುತ್ತಿದ್ದಾರೆ ಎಂದುಕೊಂಡು ಹಾಸನದಿಂದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ, ಹೆಂಚಿನ ಮೇಸ್ತ್ರಿ ಅಂಗಳದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ. ಮನೆಯ ಯಜಮಾನಿ ಮಾಡಿನ ನೆತ್ತಿಯ ಮೇಲಿದ್ದಾರೆ! ಕೆಳಗೆ ನಮ್ಮ ಮಾವ, ಎರಡೂ ಕೈಯಲ್ಲಿ ಹಾಸಿಗೆ ಹಿಡಿದು, ಹೆಂಡತಿ ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ ಓಡುತ್ತಿದ್ದಾರೆ!

"ಮಾವ, ಏನಿದು?"

"ಬೆಳಗ್ಗಿಂದ ಇಂಗೇ ಕಣಪ್ಪ. ಬೀಳೋದಾದ್ರೆ ಯಾವ ಕಡೆ ಅಂತ ಮೊದ್ಲೇ ಯೋಳೇ ಅಂದ್ರೂ ಯೋಳಲ್ಲ!"

ಮೇಸ್ತ್ರಿ ಲೋಟ ಇಳಿಸಿ, "ಆ ಎಂಚು ಒಂದ್ ಬೆರಳು ಎಡಕ್ಕೆ ಕಣವ್ವ" ಎಂದ. ಅತ್ತೆ ಎಡಕ್ಕೆ ವಾಲಿದರು. ಫಟ್! ಹೆಂಚಿನಡಿಯ ಹಳೆಯ ಮರದ ರೀಪು ಮುರಿಯಿತು. ನಾನು ಅದರ ಕೆಳಗಿನ ಅಡುಗೆಮನೆಗೆ ಓಡಿದೆ. ಕುದಿಯುವ ಸಾರಿನ ಪಾತ್ರೆಯ ಮೇಲೆ, ಸೂರಿನಿಂದ, ಕಾಲುಂಗುರ ತೊಟ್ಟ ಒಂದು ಪಾದ ನೇತಾಡುತ್ತಿತ್ತು! ಮೇಲಿಂದ ಮಾತು ಬಂತು: "ಸಾರಿಗೆ ಮುಚ್ಚಳ ಆಕ್ಲಾ, ಧೂಳು ಬೀಳ್ತೈತೆ!"

ಹೇಗೋ ಕಾಲು ಎಳೆದುಕೊಂಡರು. ನನಗೆ ಪಿತ್ತ ನೆತ್ತಿಗೇರಿತ್ತು. ಅಂಗಳಕ್ಕೆ ಬಂದವನೇ, "ಅಲ್ಲ ಮೇಸ್ತ್ರಿ, ನೀವು ಕೂತು ಅವರನ್ನ ಹತ್ತಿಸೋದಾ? ನಾಚಿಕೆ ಆಗಲ್ವಾ?" ಎಂದು ಬಿಟ್ಟೆ. ಅವನು ತಲೆ ತಗ್ಗಿಸಿದ.

ಅತ್ತೆ ಸರಸರ ಇಳಿದು ಬಂದು ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದರು.

"ವೋದ್ ವರ್ಸ ಮೇಸ್ತ್ರಿ ಯಾರ್ದೋ ಮನೆ ಮ್ಯಾಲಿಂದ ಬಿದ್ದು ಸೊಂಟ ಮುರ್ಕಂಡ ಕಣ್ಲಾ. ಈಗ ವಾಸಿ ಆಗೈತೆ. ಆದ್ರೆ ಏಣಿ ಕಂಡ್ರೆ ಕಾಲು ನಡುಗ್ತಾವೆ. ಊರೋರು ಕರೆಯೋದೇ ಬಿಟ್ಬುಟ್ರು. ಈ ಮನೆಗೆ ಮೊದ್ಲು ಎಂಚು ಆಕಿದ್ದೇ ಅವ್ನು. ಅವ್ನ ಕಣ್ಮುಂದೆ ಬ್ಯಾರೆಯೋರ್ನ ಅತ್ತಿಸ್ಲಾ?"

ಮೇಸ್ತ್ರಿಯ ಬಳಿ ಹೋಗಿ ತಪ್ಪಾಯ್ತು ಎಂದೆ. ಅವನು "ಇರ್ಲಿ ಬುಡಿ ಸಾ" ಎಂದನೇ ಹೊರತು ಮುಖ ಎತ್ತಲಿಲ್ಲ.

ಸಂಜೆಗೆ ಸೂರಿನಂಚಿನ ಒಂದು ಸಾಲು ಮಾತ್ರ ಉಳಿದಿತ್ತು. ಅತ್ತೆ ಹತ್ತಲಿಲ್ಲ. ಏಣಿ ಒರಗಿಸಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಸುಮ್ಮನೆ ನಿಂತರು. ಮೇಸ್ತ್ರಿ ಆ ಏಣಿಯನ್ನು ಬಹಳ ಹೊತ್ತು ನೋಡಿದ. ಎದ್ದ. ಒಂದು ಮೆಟ್ಟಿಲು. ನಿಂತ. ಇನ್ನೊಂದು. ಮೂರನೆಯದರಲ್ಲಿ ಏಣಿಯೇ ಗಡಗಡ ನಡುಗಿತು. ಅತ್ತೆ ಕೈ ಬಿಡಲಿಲ್ಲ.

ನಾನು ಹೆಂಚು ಎತ್ತಿಕೊಟ್ಟೆ. ಅವನು ಅದನ್ನು ಸಾಲಿನಲ್ಲಿ ಕೂರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದ. ಆಮೇಲೆ, ಕೆಳಗೆ ನೋಡದೆಯೇ, ಹಿಂದಕ್ಕೆ ಕೈ ಚಾಚಿದ.

"ಇನ್ನೊಂದು ಕೊಡಿ ಸಾ."