ಬಾನೆಟ್ ಎತ್ತಿದರೆ ಬೀದಿಯೆಲ್ಲ ಹಾಜರು

ಬಸವೇಶ್ವರನಗರದಲ್ಲಿ ಗಂಡಸರು ಕಾರಿನ ಬಾನೆಟ್ ಎತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಎತ್ತಿದರೆ ಮಾತ್ರ ಬೀದಿಯೆಲ್ಲ ಹಾಜರು, ಏನಾದರೊಂದು ನಡೆದೇ ನಡೆಯುತ್ತದೆ. ಎಂಬತ್ತರ ದಶಕದಲ್ಲಂತೂ ಕೇಳಲೇಬೇಡಿ. ಆಗ ನಾನು ವಿಜಯನಗರದ ಶಾಲೆಯೊಂದರಲ್ಲಿ ಟೀಚರ್. ಅಪ್ಪ ನನಗೆಂದೇ ಬಿಟ್ಟುಹೋದ ಹಳೇ ಕಾರು ಓಡಿಸುತ್ತಿದ್ದೆ. ಅದು ಆಗಾಗ ಮುನಿಸಿಕೊಳ್ಳುತ್ತಿತ್ತು. "ಇನ್ನೊಂದ್ಸಲ ತಳ್ಳೋ ಹಾಗಾದ್ರೆ ಮಾರಿಬಿಡ್ತೀನಿ" ಎಂದು ಯಜಮಾನರು ಘೋಷಿಸಿದ್ದರು. ನನ್ನ ಕಾರನ್ನು ಇವರು ಮಾರುವುದೇ? ಅದು ಹೇಗೆ ಮಾರುತ್ತಾರೋ ನೋಡಿಯೇಬಿಡೋಣ ಎಂದು ನಾನೂ ಹಟ ಹಿಡಿದೆ.

೧. ಬಿಸಿನೀರು

ತೊಂದರೆಯೆಲ್ಲ ಇದ್ದದ್ದು ಟರ್ಮಿನಲ್‌ನಲ್ಲಿ, ಅಂದರೆ ವೈರಿನ ತುದಿಯಲ್ಲಿದ್ದು ಬ್ಯಾಟರಿಯನ್ನು ಕಚ್ಚಿಕೊಳ್ಳುವ ಸೀಸದ ಬಳೆಯಲ್ಲಿ. ಅಲ್ಲಿ ಬಿಳಿ ಬೂಷ್ಟಿನಂಥದ್ದು ಕಟ್ಟುತ್ತಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಬಿಚ್ಚಿ, ಅಡುಗೆ ಸೋಡಾ ಉದುರಿಸಿ, ಬಿಸಿನೀರು ಹುಯ್ದು ಉಜ್ಜುತ್ತಿದ್ದೆ. ಎದುರುಮನೆಯ ರಿಟೈರ್ಡ್ ಆಫೀಸರಿಗೂ ಒಂದು ಕಾರಿತ್ತು, ಉಪದೇಶವಂತೂ ಧಾರಾಳವಾಗಿತ್ತು. ಹೆಂಗಸರಿಗೆ ಯಾಕೆ ಈ ಕೆಲಸ, ಶಾಕ್ ಹೊಡೆದರೆ ಏನು ಗತಿ ಎಂದರು. ಹನ್ನೆರಡು ವೋಲ್ಟು ಯಾರಿಗೂ ಶಾಕ್ ಹೊಡೆಯುವುದಿಲ್ಲ, ಬೇಕಿದ್ದರೆ ಮುಟ್ಟಿ ನೋಡಿ ಎಂದೆ. ಚಪ್ಪಲಿ ಹಾಕಿಕೊಂಡು ಬರುತ್ತೇನೆಂದು ಹೋದವರು ಬರಲೇ ಇಲ್ಲ.

೨. ಯಜಮಾನರನ್ನು ಕಳಿಸಿ

ಒಂದು ಟರ್ಮಿನಲ್ ಸವೆದು ಸೀಳಿತು. ಹೊಸದಕ್ಕಾಗಿ ಕಾಮಾಕ್ಷಿಪಾಳ್ಯದ ಅಂಗಡಿಗೆ ಹೋದರೆ ಅಂಗಡಿಯವರು ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ, ಯಜಮಾನರನ್ನು ಕಳಿಸಿ ಮೇಡಂ ಎಂದರು. ಆಗಲಿ ಎಂದು ಮರುದಿನ ಯಜಮಾನರನ್ನೇ ಕರೆದೊಯ್ದು ಕೌಂಟರಿನ ಮುಂದೆ ನಿಲ್ಲಿಸಿದೆ. ಪ್ಲಸ್ ಕಡೆಯದು ಬೇಕೋ ಮೈನಸ್ ಕಡೆಯದೋ ಎಂದು ಅಂಗಡಿಯವರು ಕೇಳಿದರು. ಇವರು ಗಂಭೀರವಾಗಿ ಯೋಚಿಸಿ, "ನೋಡೋಕೆ ಯಾವ್ದು ಚೆನ್ನಾಗಿದ್ಯೋ ಅದನ್ನ ಕೊಡಿ" ಎಂದರು.

ಅಂದಿನಿಂದ ಆ ಅಂಗಡಿಯಲ್ಲಿ ನನಗೆ ಸ್ಟೂಲು ಹಾಕುತ್ತಾರೆ.

೩. ಪೂಜೆಗೆ ಕೂತ ಸ್ಪ್ಯಾನರ್

ಆಯುಧಪೂಜೆಯ ದಿನ ಯಜಮಾನರು ಅಪರೂಪದ ಉತ್ಸಾಹದಿಂದ ಬ್ಯಾಟರಿಯನ್ನೂ ಬಿಚ್ಚಿ ಒರೆಸಿ ಮತ್ತೆ ಕಾರಿನಲ್ಲಿ ಕೂರಿಸಿದ್ದರು. ಅತ್ತೆ ಸುತ್ತಿಗೆ, ಸ್ಪ್ಯಾನರ್, ಈಳಿಗೆಮಣೆ ಎಲ್ಲಕ್ಕೂ ಕುಂಕುಮವಿಟ್ಟು ದೇವರ ಮುಂದೆ ಜೋಡಿಸಿದರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಬೀದಿಯೂ ಸೇರಿತು. ಕೀ ತಿರುಗಿಸಿದೆ. ಕಾರು ಉಸಿರೆತ್ತಲಿಲ್ಲ.

ತಳ್ಳೋಣವೇ ಎಂದು ಆಫೀಸರು ಮುಂದೆ ಬಂದರು. ಯಜಮಾನರು ನನ್ನ ಮುಖ ನೋಡಿದರು. ತಳ್ಳಿದರೆ ಕಾರು ನನ್ನ ಕೈಬಿಟ್ಟ ಹಾಗೆಯೇ. ಸಿಟ್ಟು ಬಂತು. ಯಾರೂ ಮುಟ್ಟಕೂಡದು ಎಂದು ಬಾನೆಟ್ ಎತ್ತಿದೆ. ಇವರು ಟರ್ಮಿನಲ್ ಬಿಗಿ ಮಾಡದೆ ಸುಮ್ಮನೆ ಮೇಲಿಟ್ಟಿದ್ದರು. ಬಿಗಿ ಮಾಡುವಷ್ಟರಲ್ಲಿ ಸ್ಪ್ಯಾನರ್ ದೇವರ ಮುಂದೆ ಹೋಗಿತ್ತಂತೆ. ತರಲು ಹೋದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತು, ಇವತ್ತು ಅದನ್ನು ಮುಟ್ಟಿದರೆ ನೋಡು ಎಂದರು.

"ಸ್ಪ್ಯಾನರ್‌ಗೆ ರಜಾ ಅತ್ತೆ, ನನಗಲ್ಲ" ಎಂದೆ.

ಕಾರಿಗೆ ಒಡೆಯಲು ಇಟ್ಟಿದ್ದ ತೆಂಗಿನಕಾಯಿಯನ್ನೇ ಎತ್ತಿಕೊಂಡು ಟರ್ಮಿನಲ್ ನೆತ್ತಿಗೆ ಕುಟ್ಟಿದೆ. ಟರ್ಮಿನಲ್ ಕಚ್ಚಿ ಕೂತಿತು, ಕಾಯಿಯೂ ಎರಡು ಹೋಳಾಯಿತು. ಸೆರಗಿನಿಂದ ನೀರೊರೆಸಿ ಕೀ ತಿರುಗಿಸಿದರೆ ಕಾರು ಗುರ್ರೆಂದು ಹೊರಟು ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿತು. ಕಾಯಿ ಚೆನ್ನಾಗಿ ಒಡೆದಿದೆ ಎಂದು ಅತ್ತೆಗೂ ಸಮಾಧಾನ. ಮಾರುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಗೇಟಿನ ಸದ್ದಾಯಿತು. ಆಫೀಸರ ಕಾರೂ ಸ್ಟಾರ್ಟ್ ಆಗಿರಲಿಲ್ಲ, ಅವರ ಸ್ಪ್ಯಾನರೂ ಪೂಜೆಗೆ ಕೂತಿತ್ತು. ಕಾಲಿಗೆ ಮರೆಯದೆ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದರು.